ಕೋಳಿ ಶೆಡ್ಡಿನ ಥರ್ಮಾಕೋಲ್ ಕೋಳಿ ಹೊಟ್ಟೆಗೆ ಹೋಗದ ಹಾಗೆ ಮಾಡಿದ್ದು – ನನ್ನ ಅನುಭವ

ಕೋಳಿ ಸಾಕಿರೋರಿಗೆ ಇದು ಗೊತ್ತೇ ಇರತ್ತೆ, ಕಾಳು ಸೊಪ್ಪು ಹುಳ ಏನೇ ಮುಂದೆ ಇಟ್ಟಿರ್ಲಿ, ಒಂದು ಚೂರು ಥರ್ಮಾಕೋಲ್ ಕಂಡ್ರೆ ಸಾಕು ಎಲ್ಲಾ ಬಿಟ್ಟು ಅದನ್ನೇ ಕುಕ್ಕೋಕೆ ಓಡ್ತವೆ. ಹಸಿವಿಗಲ್ಲ, ಕೊಕ್ಕಿಗೆ ಮೆತ್ತಗೆ ಸಿಕ್ಕಿ ಟಕ್ ಅಂತ ಮುರಿಯತ್ತಲ್ಲ, ಆ ಖುಷಿಗೆ ಅಂತ ನನಗನ್ಸತ್ತೆ.

ನಮ್ದು ಚಳ್ಳಕೆರೆ ಕಡೆ. ಏಪ್ರಿಲ್ ಮೇನಲ್ಲಿ ಬಿಸಿಲು 40 ಡಿಗ್ರಿ ಹತ್ರ ಹೋಗತ್ತೆ, ತಗಡಿನ ಕೆಳಗೆ ಅದಕ್ಕಿಂತ ಜಾಸ್ತಿ. ಕೋಳಿ ಮೈ ಬಿಸಿನೇ ಸುಮಾರು 41 ಡಿಗ್ರಿ ಇರತ್ತೆ, ಅದಕ್ಕೆ ಬೆವರು ಬರಲ್ಲ, ರೆಕ್ಕೆ ಅಗಲಿಸಿ ಬಾಯಿ ತೆಕ್ಕೊಂಡು ಏದುಸಿರು ಬಿಡೋದೇ ದಾರಿ. ಹಾಗಾಗಿ ಶೆಡ್ಡಿಗೆ ಏನಾದ್ರೂ ತಂಪಿನ ವ್ಯವಸ್ಥೆ ಬೇಕೇ ಬೇಕು. ನಮ್ಮ ಹಿತ್ತಲಲ್ಲಿ ಗಿರಿರಾಜ ತಳಿ ಕೋಳಿ ಮತ್ತೆ ನಾಟಿ ಎರಡೂ ಇದಾವೆ, ಶೆಡ್ ಕಟ್ಟಿಕೊಟ್ಟ ವೆಲ್ಡಿಂಗ್‌ನೋರು ಮೇಲ್ಛಾವಣಿಗೂ ಪಡುವಲ ಗೋಡೆಗೂ ಒಳಗಿಂದ ಎರಡಿಂಚು ಥರ್ಮಾಕೋಲ್ ಬಡಿದು ತಂತಿ ಕಟ್ಟಿ ಹೋಗಿದ್ರು. ತಂಪೇನೋ ಚೆನ್ನಾಗಿತ್ತು. ಆದ್ರೆ ಸ್ವಲ್ಪ ದಿನದಲ್ಲೇ ಹಿಕ್ಕೆಲಿ ಸಾಬೂದಾನಿ ಥರ ಬಿಳಿ ಬಿಳಿ ಕಾಳು ಕಾಣ್ಸೋಕೆ ಶುರುವಾಯ್ತು. ಸಂಜೆ ಹೋಗಿ ಸುಮ್ನೆ ನಿಂತು ನೋಡಿದ್ರೆ ಹೇಟೆಗಳು ಕೂರೋ ಕೋಲಿನ ಮೇಲೆ ಹತ್ತಿ, ಕತ್ತು ಚಾಚಿ, ಎರಡು ಶೀಟ್ ಸೇರೋ ಸಂದಿಯಲ್ಲಿ ಮಾತ್ರ ಕುಕ್ತಾ ಇದ್ವು. ನುಣ್ಣಗಿರೋ ಕಡೆ ಒಂದೆರಡು ಸಲ ಕುಕ್ಕಿ ಬಿಟ್ಟುಬಿಡ್ತವೆ, ಅಂಚು ಒಂದ್ಸಲ ಮುರಿದು ಒಳಗಿನ ಕಾಳು ಕಾಣ್ತಾ ಅಂದ್ರೆ ಮುಗೀತು, ಅಲ್ಲಿಂದ ದಿನಾ ಅಗಲ ಮಾಡ್ತಾ ಹೋಗ್ತವೆ.

ಥರ್ಮಾಕೋಲ್ ಅರಗಲ್ಲ. ಕೋಳಿಗೆ ಹಲ್ಲಿಲ್ಲ, ತಿಂದಿದ್ದೆಲ್ಲ ಮೊದ್ಲು ಕುತ್ತಿಗೆ ಕೆಳಗಿನ ಚೀಲದಲ್ಲಿ ನೆನೆದು ಆಮೇಲೆ ಕಲ್ಲುಹೊಟ್ಟೆಗೆ ಹೋಗಿ ಅರೀಬೇಕು. ಸ್ವಲ್ಪ ತಿಂದ್ರೆ ಹಿಕ್ಕೆ ಜೊತೆ ಹೋಗತ್ತೆ, ಜಾಸ್ತಿಯಾದ್ರೆ ಚೀಲದಲ್ಲೇ ಕಟ್ಕೊಳ್ಳತ್ತೆ. ಇದನ್ನ ಮನೇಲೇ ಚೆಕ್ ಮಾಡ್ಬಹುದು, ರಾತ್ರಿ ಕೋಳಿ ಕೂತ ಮೇಲೆ ಎದೆ ಮೇಲಿನ ಚೀಲ ಮುಟ್ಟಿ ನೋಡಿ, ತುಂಬಿರತ್ತೆ, ಬೆಳಗ್ಗೆ ಕಾಳು ಹಾಕೋ ಮುಂಚೆ ಮುಟ್ಟಿದ್ರೆ ಖಾಲಿಯಾಗಿ ಚಪ್ಪಟೆ ಇರ್ಬೇಕು. ನಮ್ಮ ಒಂದು ಹೇಟೆಗೆ ಬೆಳಗ್ಗೇನೂ ಗಟ್ಟಿ ಉಂಡೆ ಸಿಕ್ತು. ತಡ ಮಾಡದೆ ಪಶು ಆಸ್ಪತ್ರೆಗೆ ಎತ್ಕೊಂಡು ಹೋದೆ, ಡಾಕ್ಟ್ರು ಕಾಳು ನಿಲ್ಲಿಸಿ ಬರೀ ನೀರು ಕೊಡಿ ಅಂದು ಚೀಲ ಮೆಲ್ಲಗೆ ನೀವೋದು ತೋರಿಸಿಕೊಟ್ರು, ಉಳೀತು. ಬಾಯಿಗೆ ಎಣ್ಣೆ ಸುರಿದು ತಲೆಕೆಳಗೆ ಹಿಡಿಯೋದನ್ನ ದಯವಿಟ್ಟು ಯಾರೂ ಮಾಡ್ಬೇಡಿ, ಅದು ಶ್ವಾಸಕ್ಕೆ ಹೋದ್ರೆ ಕೋಳಿ ಅಲ್ಲೇ ಸಾಯತ್ತೆ.

ಪಕ್ಕದ್ಮನೆ ಅಕ್ಕ ಖಾರದಪುಡಿ ಕಲಸಿ ಬಳಿಯಪ್ಪ ಅಂದ್ರು. ಬಳಿದೆ, ಏನೂ ಆಗ್ಲಿಲ್ಲ, ಆಗೋದೂ ಇಲ್ಲ, ಯಾಕಂದ್ರೆ ಮೆಣಸಿನಕಾಯಿ ಖಾರ ನಮಗೆ ತಟ್ಟೋ ಹಾಗೆ ಹಕ್ಕಿಗಳಿಗೆ ತಟ್ಟೋದೇ ಇಲ್ಲ. ಗಿಳಿ ಹಸಿಮೆಣಸಿನಕಾಯಿ ತಿನ್ನಲ್ವಾ, ಹಾಗೇ. ಜಾಲರಿ ಹೊಡೆದು ನೋಡಿದ್ದೂ ಆಯ್ತು, ಅರ್ಧ ಇಂಚಿನ ತೂತಲ್ಲಿ ಕೊಕ್ಕು ಆರಾಮಾಗಿ ತೂರತ್ತೆ. ಕೊಕ್ಕು ಮುಟ್ಟೋ ಕಡೆ ಗಟ್ಟಿ ವಸ್ತುನೇ ಇರ್ಬೇಕು, ಮೆತ್ತಗಿರೋದು ಕಣ್ಣಿಗೇ ಕಾಣ್ಬಾರ್ದು, ಇದೊಂದನ್ನ ಹಿಡ್ಕೊಂಡು ಕೆಲಸ ಶುರು ಮಾಡ್ದೆ.

ಛಾವಣಿ ಒಳಗಿನ ಥರ್ಮಾಕೋಲ್ ಪೂರ್ತಿ ಬಿಚ್ಚಿ ತೆಗೆದೆ. ತಗಡಿನ ಮೇಲೆ ಹೊರಗಿಂದ ಎರಡು ಕೋಟ್ ಸುಣ್ಣ ಹೊಡೆದೆ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿದ್ರೆ ಬೇಗ ಉದುರಲ್ಲ. ಅದರ ಮೇಲೆ ಬಿದಿರು ಅಡ್ಡ ಇಟ್ಟು ತೆಂಗಿನ ಗರಿ, ಗರಿ ಮೇಲೆ ಜೋಳದ ದಂಟು. ಗರಿ ಡೈರೆಕ್ಟಾಗಿ ತಗಡಿಗೆ ತಾಗಿಸ್ಬೇಡಿ, ಮಧ್ಯೆ ಗಾಳಿ ಆಡೋ ಜಾಗ ಇದ್ರೇನೇ ಬಿಸಿ ಕೆಳಗೆ ಇಳಿಯಲ್ಲ, ತಗಡು ತುಕ್ಕು ಹಿಡಿಯೋದೂ ಕಮ್ಮಿ. ನನ್ನ ಪ್ರಕಾರ ನಮ್ಮ ಕಡೆ ಬಿಸಿಲಿಗೆ ಒಳಗೆ ಥರ್ಮಾಕೋಲ್ ಹಾಕೋದಕ್ಕಿಂತ ಇದೇ ವಾಸಿ, ಬಿಸಿ ತಗಡಿಗೆ ಮುಟ್ಟೋ ಮುಂಚೆನೇ ತಡೆಯತ್ತೆ.

ಪಡುವಲ ಗೋಡೆಗೆ ಮಾತ್ರ ಥರ್ಮಾಕೋಲ್ ಉಳಿಸ್ಕೊಂಡೆ, ಮಧ್ಯಾಹ್ನದ ಮೇಲಿನ ಬಿಸಿಲು ನೇರ ಅಲ್ಲಿಗೇ ಹೊಡೆಯತ್ತೆ. ಅದರ ಮೇಲೆ 6 ಎಂಎಂ ಸಿಮೆಂಟ್ ಬೋರ್ಡ್ ಇಟ್ಟು ವಾಷರ್ ಹಾಕಿ ಸ್ಕ್ರೂ ಹೊಡೆದೆ. ಪ್ಲೈವುಡ್ ಆದ್ರೂ ನಡಿಯತ್ತೆ, ಆದ್ರೆ ನೀರು ಚೆಲ್ಲೋ ಜಾಗದಲ್ಲಿ ಕೆಳಗಡೆ ಉಬ್ಬಿ ಸೀಳತ್ತೆ. ಬೋರ್ಡ್ ಸೇರೋ ಸಂದಿಗೆ, ಮೇಲಿನ ಅಂಚಿಗೆ, ಮೂಲೆಗೆ ಎಲ್ಲಾ ಕಡೆ ಅಲ್ಯೂಮಿನಿಯಂ ಆಂಗಲ್ ಕೂರಿಸಿದೀನಿ. ಸಂದಿಗೆ ಸಿಲಿಕಾನ್ ಅಂಟು ತುಂಬಿ ಬಿಡೋಣ ಅನ್ಸತ್ತೆ, ಬೇಡ, ಅದನ್ನೂ ಎಳೆದು ತಿಂತವೆ. ಕೆಳಗಡೆ ನೆಲಕ್ಕೆ ಸಿಮೆಂಟ್ ಗಾರೆ ಇಳಿಜಾರಾಗಿ ಮೆತ್ತಿದೆ, ಇಲ್ಲಾಂದ್ರೆ ಇಲಿ ಅಲ್ಲಿಂದ ಒಳಗೆ ಹೋಗಿ ಥರ್ಮಾಕೋಲಲ್ಲೇ ಗೂಡು ಮಾಡತ್ತೆ, ಇಲಿ ಬಂದ ಕಡೆ ಹಾವು.

ಥರ್ಮಾಕೋಲ್ ಕತ್ತರಿಸೋ ಕೆಲಸ ಶೆಡ್ಡಿಂದ ದೂರ ಮಾಡಿ. ಕರಗಸ ಹಾಕಿದ್ರೆ ಕಾಳು ಗಾಳಿಗೆ ಹಾರಿ ಹಿತ್ತಲೆಲ್ಲ ಹರಡತ್ತೆ, ಕೈಗೆ ಬಟ್ಟೆಗೆ ಅಂಟ್ಕೊಂಡು ಬಿಡಲ್ಲ. ನಾನು ತಾರಸಿ ಮೇಲೆ ಒದ್ದೆ ಗೋಣಿಚೀಲ ಹಾಸಿ ಚೂಪಾದ ಕಟರಲ್ಲಿ ಕುಯ್ದೆ, ಉದುರಿದ್ದೆಲ್ಲ ಗೋಣಿಗೇ ಅಂಟಿತ್ತು. ಶೆಡ್ ನೆಲದಲ್ಲಿದ್ದ ಭತ್ತದ ಹೊಟ್ಟನ್ನೂ ಪೂರ್ತಿ ಬಾಚಿ ಹೊರಗೆ ಹಾಕಿ ಹೊಸದು ಹರಡಿದೆ, ಹಳೇದ್ರಲ್ಲಿ ಥರ್ಮಾಕೋಲ್ ಕಾಳು ಬೆರೆತಿದ್ರೆ ಕೆದಕಿ ಕೆದಕಿ ಅದನ್ನೇ ಹುಡುಕ್ತವೆ.

ಇನ್ನೊಂದು ವಿಷ್ಯ, ಮಧ್ಯಾಹ್ನ ಬಿಸಿಲಿಗೆ ಹೆದರಿ ಒಳಗೇ ಕೂಡಿ ಹಾಕಿದಾಗ್ಲೇ ಈ ಚಟ ಜಾಸ್ತಿ, ಮಾಡೋಕೆ ಕೆಲಸ ಇರಲ್ಲ ಅವಕ್ಕೆ. ಈಗ ನುಗ್ಗೆ ಸೊಪ್ಪು, ಕುದುರೆ ಮೆಂತ್ಯ (ಲೂಸರ್ನ್ ಮೇವು) ಕಟ್ಟು ಕಟ್ಟಿ ಕತ್ತು ಎತ್ತಿ ಕೀಳೋ ಎತ್ತರಕ್ಕೆ ನೇತು ಹಾಕ್ತೀನಿ. ಒಂದು ಡಬ್ಬಿಲಿ ಕಲ್ಲುಹೊಟ್ಟೆಲಿ ಅರೆಯೋಕೆ ಸಣ್ಣ ಜಲ್ಲಿ ಹರಳು, ಇನ್ನೊಂದ್ರಲ್ಲಿ ಸುಣ್ಣದಂಶಕ್ಕೆ ಪುಡಿ ಮಾಡಿದ ಕಪ್ಪೆಚಿಪ್ಪು ಯಾವಾಗ್ಲೂ ಇರತ್ತೆ.

ಥರ್ಮಾಕೋಲ್ ಬದ್ಲು ಬೆಳ್ಳಿ ಬಣ್ಣದ ಬಬಲ್ ಶೀಟ್ ಹಾಕ್ಬಹುದಾ ಅಂತ ಕೇಳ್ತಾರೆ. ಹೊಳೆಯೋದನ್ನ ಕಂಡ್ರೂ ಕೋಳಿ ಬಿಡಲ್ಲ, ಕುಕ್ಕಿ ಕುಕ್ಕಿ ಸಿಪ್ಪೆ ಎಬ್ಬಿಸ್ತವೆ, ಅದಕ್ಕೂ ಮುಂದೆ ಬೋರ್ಡ್ ಬೇಕೇ ಬೇಕು. ಗ್ಲಾಸ್ ವೂಲ್ (ಗಾಜಿನ ಎಳೆಯ ಹಾಸು) ಅಂತೂ ಕೋಳಿ ಶೆಡ್ಡಿಗೆ ತರಲೇಬೇಡಿ, ಆ ಎಳೆ ಕೋಳಿಗೂ ಕೆಟ್ಟದ್ದು, ಕಸ ಗುಡಿಸೋ ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು.