ಬೇರೆಯವರ ಮನೆಗೆ ದಿನಸಿ ತರುವ ಕೆಲಸ: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕೆಲವು ಮನೆಗಳಿಗೆ ನಾನು ದಿನಸಿ, ತರಕಾರಿ ತಂದುಕೊಡುತ್ತೇನೆ. ಹೆಚ್ಚಿನವರು ವಯಸ್ಸಾದವರು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಹಾಗಂತ ಇವರಿಗೆ ಆ್ಯಪ್ ಗೊತ್ತಿಲ್ಲ ಅಂತಲ್ಲ. ಬಿಗ್‌ಬಾಸ್ಕೆಟ್ 2011ರಲ್ಲೇ ಬೆಂಗಳೂರಲ್ಲಿ ಶುರುವಾಯಿತು, ಮಕ್ಕಳು ಬಂದಾಗ ಫೋನಿಗೆ ಹಾಕಿಕೊಟ್ಟು ಹೋಗಿರುತ್ತಾರೆ. ಸೋಪು, ಎಣ್ಣೆ, ಬಿಸ್ಕತ್ತು ಅದರಲ್ಲೇ ತರಿಸಿಕೊಳ್ಳಿ, ಅದಕ್ಕೂ ನನಗೆ ಯಾಕೆ ದುಡ್ಡು ಕೊಡ್ತೀರಿ ಅಂತ ನಾನೇ ಹೇಳುತ್ತೇನೆ. ಪ್ಯಾಕೆಟ್ ಸಾಮಾನು ಯಾರು ತಂದರೂ ಒಂದೇ ಅಲ್ವಾ?

ಉಳಿದದ್ದಕ್ಕೆ ನಾನು ಬೇಕು.

ಹಿಂದಿನ ರಾತ್ರಿಯೇ ಫೋನ್ ಮಾಡಿ ಪಟ್ಟಿ ಬರೆದುಕೊಳ್ಳುತ್ತೇನೆ. ವಾಟ್ಸಾಪಿನಲ್ಲಿ ‘ರವೆ 1 ಕೆಜಿ, ಅವಲಕ್ಕಿ ಅರ್ಧ, ಕಾಯಿ 4’ ಅಂತ ಬಂದರೆ ಸಾಲುವುದಿಲ್ಲ. ಉಪ್ಪಿಟ್ಟಿಗೆ ಬನ್ಸಿ ರವೆಯೋ, ಮೀಡಿಯಂ ರವೆಯೋ? ಹೋಳಿಗೆಗಾದರೆ ಚಿರೋಟಿ ರವೆ. ಅವಲಕ್ಕಿ ಗಟ್ಟಿಯೋ, ತೆಳುವೋ? ಕಾಯಿ ಅಡುಗೆಗೋ, ಪೂಜೆಗೋ? ಪೂಜೆಗಾದರೆ ಜುಟ್ಟು ಇರಬೇಕು. ಬಾಳೆಹಣ್ಣು ನಾಳೆಗೇ ಬೇಕೋ, ನಾಲ್ಕು ದಿನ ಇಟ್ಟು ತಿನ್ನೋಕೋ? ಕೇಳಿದ್ದನ್ನೆಲ್ಲ ಆ ಮನೆಯ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಈರುಳ್ಳಿ ಒಳಗೇ ಬಿಡದ ಮನೆ, ಹಲ್ಲಿಲ್ಲದ ತಾತನಿಗೆ ಮೆತ್ತಗಿನ ಸೀಬೆಹಣ್ಣೇ ಆಗಬೇಕಾದ ಮನೆ. ಎರಡು ಮೂರು ತಿಂಗಳಾದ ಮೇಲೆ ಕೇಳುವುದೇ ಕಮ್ಮಿಯಾಗುತ್ತದೆ.

ದಿನಸಿಗೆ ಸಂತೇಪೇಟೆ, ತರಕಾರಿಗೆ ಎಂ.ಜಿ. ರಸ್ತೆಯ ಮಾರ್ಕೆಟ್, ಹೂವು ವೀಳ್ಯದೆಲೆಗೆ ದೇವರಾಜ ಮಾರ್ಕೆಟ್. ತರಕಾರಿಗೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಬೆಂಡೆಕಾಯಿ ತುದಿ ಪಟ್ ಅಂತ ಮುರಿಯಬೇಕು, ಸುಮ್ಮನೆ ಬಗ್ಗಿದರೆ ಬಲಿತಿದೆ ಅಂತಲೇ. “ಎಲ್ಲಾ ಮುರಿದು ನೋಡಿದ್ರೆ ನಾನು ಯಾರಿಗಮ್ಮಾ ಮಾರ್ಲಿ?” ಅಂತ ಅಂಗಡಿಯವಳು ಬೈಯುತ್ತಾಳೆ. ನ್ಯಾಯವೇ. ಒಂದೆರಡು ಮುರಿದು ನೋಡಿ, ಅವನ್ನೂ ನನ್ನ ತಕ್ಕಡಿಗೇ ಹಾಕುತ್ತೇನೆ. ಬದನೆಕಾಯಿಯ ತೊಟ್ಟು ಹಸಿರಾಗಿರಬೇಕು, ಎಲ್ಲೂ ಸಣ್ಣ ತೂತು ಇರಬಾರದು. ಡಿಸೆಂಬರ್ ಬಂತೆಂದರೆ ಅವರೆಕಾಯಿ. ಮೂಗಿನ ಹತ್ತಿರ ಹಿಡಿದರೆ ಸೊಗಡು ಬರಬೇಕು, ಕೈಗೆ ಅಂಟಬೇಕು. ಇದನ್ನು ಫೋನಿನ ಚಿತ್ರ ನೋಡಿ ಹೇಗೆ ಆರಿಸುತ್ತೀರಿ?

ಕೇಳಿದ್ದು ಸಿಗದಿದ್ದರೆ ಅಲ್ಲಿಂದಲೇ ಫೋನ್. ಎತ್ತದಿದ್ದರೆ ಏನು ಮಾಡಬೇಕು ಅಂತ ಮೊದಲೇ ಮಾತಾಗಿರುತ್ತದೆ. ತರಕಾರಿ ಬದಲಾಯಿಸಬಹುದು. ಕಾಫಿಪುಡಿ ಮಾತ್ರ ಬದಲಾಯಿಸುವ ಹಾಗಿಲ್ಲ, ಬಿಟ್ಟು ಬಂದರೂ ಪರವಾಗಿಲ್ಲ.

ಅಕ್ಕಿಯದೇ ಒಂದು ಕಥೆ. “25 ಕೆಜಿ ಹೇಳಿದ್ರೆ 26 ತಂದಿದ್ದೀಯಲ್ಲೇ?” ಅಂತ ಅಜ್ಜಿಯರು ಕೇಳುತ್ತಾರೆ. 2022ರ ಜುಲೈಯಿಂದ 25 ಕೆಜಿವರೆಗಿನ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಅದಕ್ಕೇ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಮೂಟೆ ಇಟ್ಟರೆ ನನ್ನ ಕಾಲಿಗೆ ಜಾಗವಿಲ್ಲ. ಆ ದಿನ ಬೇರೆ ಯಾರ ಸಾಮಾನೂ ತರುವುದಿಲ್ಲ. ಮೂಟೆಯನ್ನು ಬಾಗಿಲಲ್ಲಿ ಇಟ್ಟು ಬಂದರೆ ಎಪ್ಪತ್ತೈದು ವರ್ಷದವರು ಅದನ್ನು ಎತ್ತುವುದು ಹೇಗೆ? ಅಡುಗೆಮನೆಗೆ ಹೊತ್ತು, ಹಳೇ ಅಕ್ಕಿ ಮೇಲಕ್ಕೆ ಬರುವ ಹಾಗೆ ಡಬ್ಬಕ್ಕೆ ಸುರಿದು ಬರುತ್ತೇನೆ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಸಾಮಾನಿನ ಮೇಲೆ ಏನೂ ಇಟ್ಟುಕೊಳ್ಳುವುದಿಲ್ಲ, ಒಂದು ಸಲ ಹೋಗಿ ಬಂದಿದ್ದಕ್ಕೆ ಇಷ್ಟು ಅಂತ. ಬಿಲ್ ಇದ್ದರೆ ಬಿಲ್, ಇಲ್ಲದಿದ್ದರೆ ಚೀಟಿಯಲ್ಲಿ ಬರೆದು ಸಾಮಾನಿನ ಜೊತೆಗೇ ಕೊಡುತ್ತೇನೆ. ಅದರ ಫೋಟೊ ಮಗಳಿಗೋ ಮಗನಿಗೋ ಹೋಗುತ್ತದೆ. “ಇಷ್ಟೊಂದು ಯಾಕಾಯ್ತು?” ಅನ್ನುವ ಫೋನ್ ಅಲ್ಲಿಗೆ ನಿಲ್ಲುತ್ತದೆ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರ ಮನೆ ಬೆಲ್ಲನ್ನೂ ಒತ್ತುವುದಿಲ್ಲ, ಮಲಗಿರುತ್ತಾರೆ. ಗೌರಿ ಗಣೇಶ ಹಬ್ಬದ ವಾರ ಹೊಸ ಮನೆ ಒಪ್ಪಿಕೊಳ್ಳುವುದಿಲ್ಲ. ಬಾಳೆಕಂದು, ಮಾವಿನ ಸೊಪ್ಪು, ಮಾರುಗಟ್ಟಲೆ ಹೂವು ಎಲ್ಲರಿಗೂ ಒಂದೇ ಬೆಳಿಗ್ಗೆ ಬೇಕು. ನನ್ನ ಹತ್ತಿರ ಇರುವುದು ಒಂದೇ ಸ್ಕೂಟರ್.