ಬಲಗಡೆ ಎರಡು ತೂತು

ನಾನು ಶಿವಮೊಗ್ಗದಲ್ಲಿ ಅನಾಟಮಿ ಕಲಿಸುತ್ತೇನೆ. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳನ್ನು ಬಿಡಿಸಿ ನೋಡುವ ಕೆಲಸ ಶುರು ಮಾಡಿದ್ದು ಒಂದು ಜುಲೈನಲ್ಲಿ. ಕಿಟಕಿ ತೆರೆದರೆ ಇರಚಲು ಒಳಗೆ, ಮುಚ್ಚಿದರೆ ಫಾರ್ಮಲಿನ್ ಘಾಟು. ಹೃದಯವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರೂ ಕೈಗೆ ವಾಸನೆ ಅಂಟುತ್ತಿತ್ತು. ಮನೆಯಲ್ಲಿ ಅಕ್ಕಿ ರೊಟ್ಟಿಯನ್ನೂ ಚಮಚದಲ್ಲಿ ತಿಂದಿದ್ದೇನೆ.

ನಾಳಗಳು ಹಳದಿ ಕೊಬ್ಬಿನೊಳಗೆ ಹುದುಗಿರುತ್ತವೆ. ಚಿಮುಟದ ತುದಿಯಿಂದ ಕೊಬ್ಬನ್ನು ಚೂರುಚೂರೇ ಕಿತ್ತು, ನಾಳ ಹೋದ ದಿಕ್ಕಿಗೇ ಸಾಗಬೇಕು. ಅಡ್ಡ ಎಳೆದರೆ ಸಣ್ಣ ಕವಲು ಹರಿಯಿತು ಅಂತಲೇ ಲೆಕ್ಕ.

ನನಗೂ ಅದೇ ಆಯ್ತು. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದ ಬುಡದಲ್ಲಿ ದಾರದಂಥದ್ದೇನೋ ಪಟ್ಟನೆ ಹರಿಯಿತು. ಸುಮ್ನೆ ನಾರು ಅಂದುಕೊಂಡೆ. ಆಮೇಲೆ ಹೃದಯದಿಂದ ಹೊರಡುವ ಮುಖ್ಯ ನಾಳ ಅಯೋರ್ಟಾ ಕತ್ತರಿಸಿ, ಕೊರೊನರಿಗಳು ಹುಟ್ಟುವ ಜಾಗ ನೋಡಿದರೆ, ಒಂದೇ ಇರುತ್ತದೆ ಅಂದುಕೊಂಡಿದ್ದ ಬಲಗಡೆ ಎರಡು ತೂತು! ಒಂದು ದೊಡ್ಡದು. ಅದರ ಪಕ್ಕದಲ್ಲೇ ಇನ್ನೊಂದು, ಗುಂಡುಸೂಜಿ ಚುಚ್ಚಿದಷ್ಟೇ. ನಾನು ಹರಿದದ್ದು ಕೋನಸ್ ಆರ್ಟರಿ. ಸಾಮಾನ್ಯವಾಗಿ ಅದು ಬಲ ಕೊರೊನರಿಯ ಮೊದಲ ಕವಲು. ಆದರೆ ಎಷ್ಟೋ ಜನರಲ್ಲಿ ನೇರ ಅಯೋರ್ಟಾದಿಂದಲೇ ಹುಟ್ಟುತ್ತದೆ. ಆಗ ಅದನ್ನು ಮೂರನೇ ಕೊರೊನರಿ ಅಂತಲೂ ಕರೆಯುತ್ತಾರೆ.

ಚಿಕ್ಕದು ಅಂತ ಬಿಡುವ ಹಾಗಿಲ್ಲ. ಅದರ ತುದಿ, ಎಡ ಕೊರೊನರಿಯಿಂದ ಹೊರಟು ಹೃದಯದ ಮುಂಬದಿಯಲ್ಲಿ ಇಳಿಯುವ ಎಲ್‌ಎಡಿ ಎಂಬ ನಾಳದ ಕವಲಿಗೆ ಸೇರಿ ಬಳೆಯಂತಾಗುವುದುಂಟು. ಫ್ರಾನ್ಸಿನ ವೈದ್ಯ ವ್ಯೂಸೆನ್ಸ್ 1706ರಲ್ಲೇ ಇದನ್ನು ಬರೆದಿಟ್ಟಿದ್ದ. ಎಲ್‌ಎಡಿ ಕಟ್ಟಿಕೊಂಡರೆ ಈ ಒಳದಾರಿಯಲ್ಲಿ ಒಂದಿಷ್ಟು ರಕ್ತ ಬರಬಹುದು. ಆಂಜಿಯೋಗ್ರಾಂ ಮಾಡುವಾಗ ಡೈ ಬಿಡುವ ಕೊಳವೆ ದೊಡ್ಡ ತೂತಿನಲ್ಲಷ್ಟೇ ಕೂತರೆ ಇದು ಕಣ್ಣಿಗೇ ಬೀಳದೆ ಹೋಗಬಹುದು.

ಅಲ್ಲಿಂದ ಕೆಲಸದ ಕ್ರಮ ತಿರುಗಿಸಿದೆ. ಮೊದಲು ಕವಾಟದಿಂದ ಒಂದೆರಡು ಬೆರಳು ಮೇಲೆ ಅಯೋರ್ಟಾ ಕತ್ತರಿಸಿ ತೂತು ಎಣಿಸುತ್ತೇನೆ. ಆಮೇಲೇ ಕೊಬ್ಬು. ಸಣ್ಣ ತೂತಿಗೆ ಪ್ರೋಬ್ (ತೂರಿಸಿ ನೋಡುವ ಸಪೂರ ಕಡ್ಡಿ) ಹೋಗದೆ ಒದ್ದಾಡುತ್ತಿದ್ದಾಗ ನಮ್ಮ ಅಟೆಂಡರ್ ಹಿಡಿಕಡ್ಡಿಯ ತುದಿ ಮುರಿದು ತಂದರು. "ಇದು ಹಾಕಿ ನೋಡಿ ಮೇಡಂ." ಸಲೀಸಾಗಿ ಹೋಯಿತು.

ಎಡಗಡೆ ಜಗಳ ಕಡಿಮೆ. ಎರಡಾಗಿ ಒಡೆಯುವ ನಾಳ ಕೆಲವರಲ್ಲಿ ಮೂರಾಗುತ್ತದೆ, ನಡುವಿನದು ರೇಮಸ್. ಕೊನೆಗೆ ಹೃದಯ ಬೋರಲು ಹಾಕಿ, ಹಿಂಬದಿಯಲ್ಲಿ ಕೆಳಗಿಳಿಯುವ ನಾಳ ಯಾವ ಕಡೆಯಿಂದ ಬಂತು ಅಂತ ನೋಡಬೇಕು. 10ರಲ್ಲಿ 7–8 ಜನರಿಗೆ ಬಲಗಡೆಯದು.

ಆ ಹರಿದ ಹೃದಯ ಈಗಲೂ ಜಾಡಿಯಲ್ಲಿದೆ. ತುಂಡಾದ ಎರಡೂ ತುದಿಗೆ ಬಿಳಿ ದಾರ ಕಟ್ಟಿದ್ದೇನೆ. ವಿದ್ಯಾರ್ಥಿಗಳಿಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತೋರಿಸಿ ಇದೇನು ಅಂತ ಕೇಳಿದರೆ ಹೆಚ್ಚಿನವರ ಉತ್ತರ, "ನಾರು ಮೇಡಂ."