ಕರಡು ಮಸೂದೆ ಹಿಡಿದು ಡೇರಿ ಮುಂದೆ ನಿಂತ ಸಂಜೆಗಳು

ಮೊದಲ ಸಭೆ ಪೂರ್ತಿ ಕೆಟ್ಟಿತು. ಕೇಂದ್ರ ಸರ್ಕಾರದ ಮಧ್ಯಸ್ಥಿಕೆ ಮಸೂದೆಯ ಕರಡಿಗೆ ಜನರ ಸಲಹೆ ಸಂಗ್ರಹಿಸಿ ಕಳಿಸೋಣ ಅಂತ ತಾಲ್ಲೂಕು ಕೇಂದ್ರದ ಒಂದು ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ 11 ಗಂಟೆಗೆ ಜನರನ್ನು ಕರೆದಿದ್ದೆ. ಮೈಕು, ಪ್ಲಾಸ್ಟಿಕ್ ಕುರ್ಚಿ, ಬ್ಯಾನರು ಎಲ್ಲಾ ಇತ್ತು. ನಲವತ್ತು ಜನ ಬಂದರು. ಅದರಲ್ಲಿ ಹೆಂಗಸರು ಐದೇ ಮಂದಿ. ಕರಡಿನ ಒಂದೊಂದೇ ಕಲಮನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅರ್ಧ ಗಂಟೆಗೆಲ್ಲಾ ಹಿಂದಿನ ಸಾಲು ಖಾಲಿಯಾಗಿತ್ತು. ಕೊನೆಗೆ "ನಿಮ್ಮ ಅಭಿಪ್ರಾಯ ಹೇಳಿ" ಅಂದೆ. ಇಬ್ಬರು ಮುಖಂಡರು ಮೈಕು ತಗೊಂಡು ಬೇರೆ ಏನೇನೋ ಮಾತಾಡಿದರು. ಆ ಐದು ಹೆಂಗಸರು ಬಾಯಿ ಬಿಡಲಿಲ್ಲ. ಮನೆಗೆ ಬಂದು ನೋಟ್‌ಬುಕ್ ತೆಗೆದು ನೋಡಿದರೆ, ಬರೆದು ಕಳಿಸುವಂಥದ್ದು ಒಂದು ಸಾಲೂ ಇರಲಿಲ್ಲ.

ನಾನು ಮಂಡ್ಯದಲ್ಲಿ ವಕೀಲಳು. ನನ್ನ ಹತ್ತಿರ ಬರುವುದೆಲ್ಲಾ ಹೆಚ್ಚಾಗಿ ಸಿವಿಲ್ ಕೇಸುಗಳೇ. ಪಾಲಿನ ದಾವೆ, ಬದು ಒತ್ತುವರಿ, ದಾರಿ ತಕರಾರು, ಗದ್ದೆಗೆ ನೀರು ಬಿಡುವ ಜಗಳ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಧ್ಯಸ್ಥಿಕೆ ಮಸೂದೆಯ ಕರಡನ್ನು ಜನರ ಮುಂದಿಟ್ಟು ಸಲಹೆ ಕೇಳಿತ್ತು. ಸಿವಿಲ್ ದಾವೆ ಹೂಡುವ ಮೊದಲು ಎರಡೂ ಕಡೆಯವರು ಮಧ್ಯಸ್ಥರ ಮುಂದೆ ಕೂತು ರಾಜಿಗೆ ಪ್ರಯತ್ನಪಡಲೇಬೇಕು ಅನ್ನುವುದು ಅದರಲ್ಲಿದ್ದ ದೊಡ್ಡ ಮಾತು. ಮಸೂದೆ ಇದಕ್ಕೆ ಇಟ್ಟ ಅವಧಿ 180 ದಿನ. ಇಬ್ಬರೂ ಒಪ್ಪಿದರೆ ಮತ್ತೆ 180 ದಿನ. ನನ್ನ ಟೇಬಲ್ ಮೇಲಿರುವ ಅರ್ಧಕ್ಕರ್ಧ ಫೈಲುಗಳಿಗೆ ನೇರವಾಗಿ ತಾಗುವ ವಿಷಯ ಇದು. ನಾನು ನೋಡುವಷ್ಟರಲ್ಲಿ ಉಳಿದಿದ್ದದ್ದು ಒಂದು ವಾರ.

ಕೇಂದ್ರದ ಕಾನೂನುಗಳ ವಿಷಯದಲ್ಲಿ ಹೀಗೆ ಜನರನ್ನು ಕೇಳಬೇಕು ಅಂತ 2014ರ ಒಂದು ನೀತಿ ಇದೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸರಳ ಭಾಷೆಯಲ್ಲಿ ಟಿಪ್ಪಣಿ ಕೊಡಬೇಕು, ಬಂದ ಸಲಹೆಗಳ ಸಾರಾಂಶ ಪ್ರಕಟಿಸಬೇಕು ಅನ್ನುತ್ತದೆ. ಆದರೆ ಅದು ನೀತಿ, ಕಾಯ್ದೆಯಲ್ಲ. ನಮ್ಮ ಮೈಸೂರು ಸೀಮೆಯವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತಲ್ಲ, ಮೊದಲಿಗೆ ಅದಕ್ಕೆ ಅಹವಾಲು ಹೇಳಿಕೊಳ್ಳುವುದಷ್ಟೇ ಕೆಲಸ. 1923ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಮಸೂದೆಗಳ ಮೂಲ ತತ್ವವನ್ನು ಮೊದಲು ಆ ಸಭೆಯ ಮುಂದಿಟ್ಟು ಕೇಳಬೇಕು ಅಂತಾಯಿತು. ಎಲ್ಲರಿಗೂ ಮತ ಇರದಿದ್ದ ರಾಜರ ಕಾಲದ ಮಾತಿದು. ಮೈಸೂರಿಗೆ ಹೋದಾಗ ಪುರಭವನದ ಮುಂದೆ ರಂಗಾಚಾರ್ಲು ಹೆಸರು ಕಂಡರೆ ನನಗೆ ಪ್ರತಿ ಸಲ ಇದೇ ನೆನಪಾಗುತ್ತದೆ.

ಸಭೆ ಕೆಟ್ಟ ಮಾರನೇ ದಿನ ನಮ್ಮ ಗುಮಾಸ್ತರ ಹತ್ತಿರ ಸಂಕಟ ಹೇಳಿಕೊಂಡೆ. ಅವರು ಹೇಳಿದ್ದು ಇಷ್ಟೇ: "ಮೇಡಂ, ಜನನ್ನ ನೀವಿರೋ ಕಡೆ ಕರೀಬೇಡಿ. ಜನ ಇರೋ ಕಡೆ ಹೋಗಿ. ಸಂಜೆ ಐದೂವರೆಗೆ ಡೇರಿ ಮುಂದೆ ನಿಂತ್ಕೊಳ್ಳಿ, ಊರಿಗೆ ಊರೇ ಸಿಗುತ್ತೆ."

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಆ ತಿಂಗಳು ಮಳೆ ಬಿಟ್ಟೂ ಬಿಡದೆ ಹೊಡೆದಿತ್ತು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿತ್ತು. ಅಂಥ ಹೊತ್ತಲ್ಲಿ ಕಾನೂನು, ಕರಡು ಅಂತ ಮಾತು ತೆಗೆಯಲು ನನಗೇ ಹಿಂಜರಿಕೆ. ಆದರೆ ಹಾಲು ಮಾತ್ರ ಮಳೆಗೂ ನಿಲ್ಲುವುದಿಲ್ಲ ಅಲ್ವಾ? ಸೆರಗು ತಲೆ ಮೇಲೆ ಹಾಕಿಕೊಂಡು ಹೆಂಗಸರು ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದರು. ಹಾಲು ಅಳೆಸಿ, ಪುಸ್ತಕದಲ್ಲಿ ಬರೆಸಿಕೊಂಡು, ಜಗುಲಿ ಮೇಲೆ ಐದು ನಿಮಿಷ ಕೂರುವುದು ಅಲ್ಲಿಯ ರೂಢಿ. ಆ ಐದು ನಿಮಿಷವೇ ನನ್ನ ಸಭೆ.

ಕರಡನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅಭಿಪ್ರಾಯವನ್ನೂ ಕೇಳಲಿಲ್ಲ. ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೆ. "ಕೋರ್ಟಿಗೆ ಹೋಗೋಕೆ ಮುಂಚೆ ನಿಮ್ಮ ಜಗಳನ ಯಾರ ಮುಂದೆ ಇಟ್ರಿ? ಅಲ್ಲಿ ಏನಾಯ್ತು?"

ಅರವತ್ತರ ಆಸುಪಾಸಿನ ಒಬ್ಬ ತಾಯಿ ಖಾಲಿ ಕ್ಯಾನನ್ನು ತೊಡೆ ಮೇಲೆ ಇಟ್ಟುಕೊಂಡು ಶುರುಮಾಡಿದರು. "ಅಣ್ಣಂದಿರು ಇಬ್ರು. ಅಪ್ಪಂದು ಎರಡೂವರೆ ಎಕರೆ. ನಂಗೂ ಪಾಲು ಬತ್ತದೆ ಅಂತ ಯಾರೋ ಅಂದ್ರು, ಕೇಳ್ದೆ. ಯಜಮಾನ್ರು ಕೂರ್ಸುದ್ರು. ಅರಿಶಿನ ಕುಂಕುಮಕ್ಕೆ ಅಂತ ಏನಾರ ಕೊಡ್ತಾರೆ, ಈಸ್ಕೊಂಡು ಸುಮ್ನಿರವ್ವ ಅಂದ್ರು. ನಾನು ಒಪ್ಪಲಿಲ್ಲ. ಸರಿ, ಬರೋ ಅಮಾಸೆಗೆ ಮತ್ತೆ ಕೂರಣ ಅಂದ್ರು. ಹಂಗೇ ಮೂರು ಅಮಾಸೆ ತಳ್ಳುದ್ರು. ಅಷ್ಟರಲ್ಲಿ ಒಂದು ಎಕರೆ ಮಾರಾಗಿತ್ತು ಕಣವ್ವ."

ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಗಿದೆ. ಆ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಈ ಎರಡನ್ನೂ ನಾನು ಕೋರ್ಟಿನಲ್ಲಿ ಎಷ್ಟು ಸಲ ವಾದಿಸಿದ್ದೇನೋ ಲೆಕ್ಕವಿಲ್ಲ. ಆದರೆ ಮೂರು ಅಮಾವಾಸ್ಯೆಯಲ್ಲಿ ಒಂದು ಎಕರೆ ಹೋಗಬಹುದು ಅಂತ ಆ ಜಗುಲಿಯ ಮೇಲೆ ಕೇಳಿದಾಗ, ಕರಡಿನ ಅವಧಿ ನನಗೆ ಬೇರೆ ಥರ ಕಾಣಿಸಿತು. ಅಷ್ಟು ದಿನದಲ್ಲಿ ಎಷ್ಟು ಅಮಾವಾಸ್ಯೆ ಬರುತ್ತವೆ! ತುರ್ತಿದ್ದರೆ ಮೊದಲೇ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಲು ಮಸೂದೆಯಲ್ಲಿ ದಾರಿ ಇತ್ತು. ಆದರೆ ಅದು ಅಸಾಧಾರಣ ಸಂದರ್ಭದಲ್ಲಿ ಮಾತ್ರ. ಅಣ್ಣಂದಿರು ಜಮೀನು ಮಾರುವುದು ಅಸಾಧಾರಣವೇ? ನಮ್ಮ ಕಡೆ ಅದು ದಿನನಿತ್ಯದ ಸಂಗತಿ.

ಇಷ್ಟನ್ನೇ ಹಿಡಿದುಕೊಂಡು ಬರೆದಿದ್ದರೆ ನನ್ನ ಮನವಿ ಒಂದು ಕಡೆಗೇ ವಾಲುತ್ತಿತ್ತು. ಎರಡು ದಿನ ಬಿಟ್ಟು ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದು ಊರಿಗೆ ಹೋದೆ. ಅಲ್ಲಿ ಒಬ್ಬ ಹಿರಿಯರು ಹೇಳಿದ್ದು ಪೂರ್ತಿ ಉಲ್ಟಾ. ಪಕ್ಕದ ಗದ್ದೆಯವನ ಜೊತೆ ಕಾಲುವೆ ನೀರಿಗೆ ಜಗಳವಾಗಿ ಕೇಸು 11 ವರ್ಷ ನಡೆದಿತ್ತು. "ವಾಯಿದೆ ವಾಯಿದೆ ಅಂತ ಅಲೆದೂ ಅಲೆದೂ ಸಾಕಾಯ್ತು. ನಮ್ಮಿಬ್ಬರಿಗೂ ಸಂಬಂಧ ಇಲ್ಲದ ಒಬ್ಬ ಮನುಷ್ಯ ಕೂರ್ಸಿ ಮಾತಾಡ್ಸಿದ್ರೆ ಒಂದು ಮಧ್ಯಾಹ್ನದಲ್ಲಿ ಮುಗಿಯೋದು" ಅಂದರು. ಅದೂ ನಿಜವೇ. ಇಬ್ಬರ ಬಲವೂ ಸಮ ಇರುವ ಕಡೆ ಮಧ್ಯಸ್ಥಿಕೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಬ್ಬರ ಕೈ ಮೇಲಿರುವ ಕಡೆ ಅದನ್ನು ಕಡ್ಡಾಯ ಮಾಡಿದರೆ, ಮೇಲಿರುವ ಕೈಗೆ ಪುಕ್ಕಟೆ ಕಾಲಾವಕಾಶ ಸಿಗುತ್ತದೆ. ನಮ್ಮ ಮನವಿಯ ತಿರುಳು ಸಿಕ್ಕಿದ್ದು ಅಲ್ಲಿ.

ಇನ್ನೊಂದು ತೊಡಕು ಎಲ್ಲಾ ಊರಲ್ಲೂ ಎದುರಾಯಿತು. ಮಧ್ಯಸ್ಥಿಕೆ ಅಂದ ತಕ್ಷಣ "ಅಂದ್ರೆ ನಮ್ಮ ಪಂಚಾಯ್ತಿನೇ ಅಲ್ವಾ?" ಅನ್ನುತ್ತಿದ್ದರು. ಅಲ್ಲ. ಊರಿನ ಯಜಮಾನರು ತೀರ್ಪು ಹೇಳುತ್ತಾರೆ, ದಂಡ ಹಾಕುವುದೂ ಉಂಟು. ಮಧ್ಯಸ್ಥರು ತೀರ್ಪು ಹೇಳುವ ಹಾಗಿಲ್ಲ. ಒಪ್ಪುವುದೂ ಬಿಡುವುದೂ ಜಗಳವಾಡಿದ ಇಬ್ಬರ ಕೈಯಲ್ಲೇ. ಮಸೂದೆಯ ಪ್ರಕಾರ ಮೊದಲ ಎರಡು ಸಭೆಗೆ ಹೋಗಿ, ಆಮೇಲೆ ಬೇಡ ಅನ್ನಿಸಿದರೆ ಎದ್ದು ಬರಬಹುದಿತ್ತು. ಇದನ್ನು ಹೇಳಿದಾಗ ಜನರ ಮುಖ ಬದಲಾಗುತ್ತಿತ್ತು. ಎದ್ದು ಬರಬಹುದು ಅನ್ನುವ ಮಾತು ನಮ್ಮ ಹೆಂಗಸರಿಗೆ ಹೊಸದು.

ಊರಿನ ಶಾಂತಿ ಕೆಡಿಸುವಂಥ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆ ಅಂತ ಬೇರೆ ಭಾಗವೇ ಇತ್ತು. ಮೂವರ ಸಮಿತಿ ಕೂರಿಸುವುದು. ಆದರೆ ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲ ಇಲ್ಲ. ಇದನ್ನು ವಿವರಿಸುತ್ತಿದ್ದಾಗ ನಾಗಮಂಗಲದ ಆ ತಾಯಿ ನಡುವೆಯೇ ಕೇಳಿದರು: "ಆ ಮೂರು ಜನದಲ್ಲಿ ಹೆಂಗ್ಸು ಒಬ್ಬಳಾದ್ರೂ ಇರ್ತಾಳಾ?" ಮಸೂದೆಯನ್ನು ನಾಲ್ಕು ಸಲ ಓದಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ನಾಲ್ಕು ಊರು, 83 ಜನ. ಇಷ್ಟೇ ಸಾಧ್ಯವಾಗಿದ್ದು. ಬರೆಯುವಾಗ ಕಾಗದವನ್ನು ನಾಲ್ಕು ಕಾಲಂ ಮಾಡಿದೆ. ಕಲಮಿನ ಸಂಖ್ಯೆ, ಅದರಲ್ಲಿ ಏನಿದೆ, ನಾವು ಕೇಳುವ ಬದಲಾವಣೆ, ಯಾಕೆ. "ಯಾಕೆ" ಅನ್ನುವ ಕಡೆ ನನ್ನ ವಾದ ಹಾಕಲಿಲ್ಲ, ಅವರಿಗೆ ಆದದ್ದನ್ನು ಹಾಕಿದೆ. ಯಾರ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ತಾಲ್ಲೂಕು, ವಯಸ್ಸು, ವ್ಯಾಜ್ಯದ ಬಗೆ, ಅಷ್ಟೇ. ಕೇಸು ನಡೆಯುತ್ತಿರುವಾಗ ಹೆಸರು ಹೊರಬಿದ್ದರೆ ಆ ಹೆಣ್ಣುಮಗಳು ಮನೆಯಲ್ಲಿ ಎಷ್ಟು ಮಾತು ಕೇಳಬೇಕಾಗುತ್ತದೆ ಅಂತ ನನಗೆ ಗೊತ್ತು. ಹೀಗೆ ಸಲಹೆ ಸಂಗ್ರಹಿಸುವವರು ದಯವಿಟ್ಟು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಹಿ, ಹೆಬ್ಬೆಟ್ಟು ಜಾಸ್ತಿ ಇದ್ದರೆ ತೂಕ ಬರುತ್ತದೆ ಅಂತ ಆಸೆಯಾಗುತ್ತದೆ. ಆ ಆಸೆಗೆ ಅವರು ಬೆಲೆ ತೆರಬಾರದು.

ಕಳಿಸುವ ಹಿಂದಿನ ಸಂಜೆ ಮತ್ತೆ ಡೇರಿಗೆ ಹೋಗಿ ಓದಿ ಹೇಳಿದೆ. "ಹೆಣ್ಣುಮಕ್ಕಳು ಹಿರಿಯರ ಒತ್ತಡಕ್ಕೆ ಮಣಿದು ಪಾಲು ಬಿಡುತ್ತಾರೆ" ಅಂತ ಬರೆದಿದ್ದೆ. ಹಿಂದೆ ನಿಂತಿದ್ದ ಒಬ್ಬಾಕೆ ತಡೆದರು. "ಮಣಿಯಕಿಲ್ಲ ಕಣಕ್ಕ. ತವರು ತಪ್ಪೋಯ್ತದೆ ಅಂತ ಹೆದ್ರುತೀವಿ. ನಾಳೆ ಮಗಳ ಮದುವೇಲಿ ಸೋದರಮಾವ ಬರ್ಬೇಕಲ್ಲ?" ಕೂತಿದ್ದವರೆಲ್ಲಾ ಹೂಂ ಅಂದರು. ಅಲ್ಲೇ ಆ ಸಾಲನ್ನು ಹೊಡೆದು ಹಾಕಿ ಅವರು ಹೇಳಿದಂತೆಯೇ ಬರೆದುಕೊಂಡೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಬೆದರಿಕೆಯೊಂದೇ ಅಲ್ಲ, ಈ ಹೆದರಿಕೆಯೂ ಹೌದು. ಮಧ್ಯಸ್ಥರಿಗೆ ತರಬೇತಿ ಕೊಡುವವರಿಗೆ ಮೊದಲು ಗೊತ್ತಿರಬೇಕಾದ ವಿಷಯ ಇದು.

ಮೂಲ ಕನ್ನಡದಲ್ಲೇ ಇತ್ತು. ಜೊತೆಗೆ ಇಂಗ್ಲಿಷ್ ಅನುವಾದ ಇಟ್ಟು ಇಮೇಲ್ ಮಾಡಿದೆ, ರಿಜಿಸ್ಟರ್ಡ್ ಪೋಸ್ಟಿನಲ್ಲೂ ಹಾಕಿದೆ. ಕರಡುಗಳು ನಮ್ಮ ಭಾಷೆಯಲ್ಲಿ ಸಿಗಬೇಕು ಅಂತಲೂ ಒಂದು ಸಾಲು ಸೇರಿಸಿದೆ. ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಕೊಡಿ ಅಂತ 2020ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಅದನ್ನು ಉಲ್ಲೇಖಿಸಿದೆ. ರಾಜ್ಯದ ಕರಡು ನಿಯಮಗಳಿಗೂ ಹೀಗೇ ಬರೆಯಬಹುದು. ಅವು ರಾಜ್ಯಪತ್ರದಲ್ಲಿ ಬರುತ್ತವೆ. ಇಂತಿಷ್ಟು ದಿನದೊಳಗೆ ಆಕ್ಷೇಪಣೆ, ಸಲಹೆ ಕಳಿಸಿ ಅಂತ ವಿಳಾಸ ಅಲ್ಲೇ ಇರುತ್ತದೆ. ಸ್ಟಾಂಪು, ಶುಲ್ಕ ಯಾವುದೂ ಬೇಡ. ಬಿಳಿ ಹಾಳೆ ಸಾಕು.

2021ರ ಡಿಸೆಂಬರ್ 20ರಂದು ಮಸೂದೆ ರಾಜ್ಯಸಭೆಗೆ ಬಂತು. ಕಡ್ಡಾಯ ಅನ್ನುವುದು ಹಾಗೇ ಇತ್ತು. ಅವತ್ತು ಬಹಳ ಬೇಜಾರಾಯಿತು. ಅಲ್ಲಿಂದ ಅದು ಸಂಸದೀಯ ಸ್ಥಾಯಿ ಸಮಿತಿಗೆ ಹೋಯಿತು. ಕಡ್ಡಾಯ ಮಾಡುವುದನ್ನು ಮರುಚಿಂತನೆ ಮಾಡಿ, ಅವಧಿ ಕಡಿಮೆ ಮಾಡಿ ಅಂತ 2022ರಲ್ಲಿ ಸಮಿತಿ ವರದಿ ಕೊಟ್ಟಿತು. 2023ರಲ್ಲಿ ಕಾಯ್ದೆಯಾದಾಗ ದಾವೆಗೆ ಮುಂಚಿನ ಮಧ್ಯಸ್ಥಿಕೆ ಅವರವರ ಇಷ್ಟಕ್ಕೆ ಬಿಟ್ಟಿದ್ದಾಗಿತ್ತು. ಅವಧಿ 120 ದಿನಕ್ಕೆ ಇಳಿದಿತ್ತು. ಇಬ್ಬರೂ ಒಪ್ಪಿದರೆ ಇನ್ನು 60 ದಿನ, ಅಷ್ಟೇ.

ಇದು ನಮ್ಮ ಕಾಗದದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಇದನ್ನೇ ಕೇಳಿದವರು ದೇಶದಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಊರಿಗೆ ಹೋಗಿ ಹೇಳುವುದು ಬಾಕಿ ಇತ್ತು. ಮಾತು ಈಸ್ಕೊಂಡು ಹೋದವರು ಮತ್ತೆ ಬರಲೇ ಇಲ್ಲ ಅಂತಾದರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ?

ಆ ವರ್ಷ ಮಳೆಯೇ ಇರಲಿಲ್ಲ. ಡೇರಿ ಜಗುಲಿ ಮೇಲೆ ಅದೇ ತಾಯಿ ಸಿಕ್ಕಿದರು. ಉಳಿದ ಒಂದೂವರೆ ಎಕರೆ ಮೇಲೆ ತಡೆಯಾಜ್ಞೆ ಸಿಕ್ಕಿತ್ತು, ದಾವೆ ಇನ್ನೂ ನಡೆಯುತ್ತಿತ್ತು. ಕಾಯ್ದೆಯಲ್ಲಿ ಏನೇನು ಬದಲಾಯಿತು ಅಂತ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಆ ಮೂರು ಜನದ್ದು ಏನಾಯ್ತು ಲಾಯ್ರಮ್ಮ?" ಅಂದರು.

"ಹೆಂಗಸರ ಪ್ರಾತಿನಿಧ್ಯನ ಪರಿಗಣಿಸಬಹುದು ಅಂತ ಇದೆ ಅಮ್ಮ."

"ಬೌದು ಅಂದ್ರೆ ಇಷ್ಟ ಇದ್ರೆ ಅಂತ ತಾನೆ?"

ಹೌದು ಅಂದೆ.

"ಹಂಗಾರೆ ಅದುನ್ನ ಇನ್ನೊಂದು ಸಲ ಬರಿಯವ್ವ."

ಚೀಲದಿಂದ ನೋಟ್‌ಬುಕ್ ತೆಗೆದೆ. ಅವರು ಕ್ಯಾನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟರು.